ಭೂಪಟದ ಎಪಿಐಯೂ ಪೂರ್ವಾವೃತ್ತಿಯ ಹಕ್ಕೂ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪಾಠಭೇದವೆಂಬುದು ಹೊಸ ಮಾತಲ್ಲ. ಹೊಸ ಪಾಠವನ್ನು ಅಂಗೀಕರಿಸಿದ ಸಂಪಾದಕನು ಹಳೆಯದನ್ನು ಅಡಿಯಲ್ಲಿ ಕಾಣಿಸುವನೇ ಹೊರತು ಅಳಿಸಿಬಿಡುವುದಿಲ್ಲ. ಅಂತರ್ಜಾಲದ ಭೂಪಟಗಳಲ್ಲಿ ಈ ಮರ್ಯಾದೆ ಎಷ್ಟರ ಮಟ್ಟಿಗೆ ನಡೆದಿದೆಯೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ. ಶಾಸನಗಳ ನೆಲೆ, ಉಪಭಾಷೆಗಳ ವ್ಯಾಪ್ತಿ ಮುಂತಾದುವನ್ನು ಇಂಥ ಪಟಗಳ ಮೇಲೆ ಗುರುತಿಸುವುದು ಈಗ ಸಾಧ್ಯವಾಗಿರುವುದರಿಂದ ಇದು ಯಂತ್ರಜ್ಞರಿಗೆ ಮಾತ್ರ ಸೇರಿದ ವಿಷಯವಲ್ಲ.

ಒಬ್ಬರ ತಂತ್ರಾಂಶವನ್ನು ಮತ್ತೊಬ್ಬರು ಕರೆದು ಬಳಸುವುದಕ್ಕೆ ಗೊತ್ತುಪಡಿಸಿದ ಹೆಸರುಗಳ ಮತ್ತು ನಿಯಮಗಳ ಕಟ್ಟಿಗೆ ಎಪಿಐ ಎಂದು ಹೆಸರು. ಗೂಗಲ್ ಸಂಸ್ಥೆಯು ತನ್ನ ಭೂಪಟದ ಎಪಿಐಯನ್ನು 2005ರಲ್ಲಿ ಹೊರತಂದಿತು; 2006ರಲ್ಲಿ ಎರಡನೆಯ ಆವೃತ್ತಿ ಬಂದಿತು. 2009ರಲ್ಲಿ ಪ್ರಕಟವಾದ ಮೂರನೆಯದು ಕೈಫೋನುಗಳಲ್ಲಿಯೂ ವೇಗವಾಗಿ ನಡೆಯಲೆಂದು ಹೊಸದಾಗಿ ಕಟ್ಟಿದುದು. ಇದರಲ್ಲಿ ಹೆಸರುಗಳೇ ಬದಲಾದುವು: ಜಿಮ್ಯಾಪ್2, ಜಿಮಾರ್ಕರ್ ಎಂಬ ಹಳೆಯ ಸಂಜ್ಞೆಗಳಿಗೆ ಹೊಸ ವ್ಯಾಕರಣದಲ್ಲಿ ಸ್ಥಾನವಿರಲಿಲ್ಲ. 2010ರ ಮೇ ತಿಂಗಳಲ್ಲಿ ಎರಡನೆಯ ಆವೃತ್ತಿಯನ್ನು ತ್ಯಾಜ್ಯವೆಂದು ಸಾರಿ, ಮೂರು ವರ್ಷಗಳ ಅವಧಿಯನ್ನು ಕೊಟ್ಟರು. ಬಳಿಕ ಅದನ್ನು 2013ರ ನವೆಂಬರ್ 19ರ ವರೆಗೆ ಮುಂದುವರಿಸಿದರು. ಅಂದಿನಿಂದ ಹಳೆಯ ಕರೆಗಳಿಗೆ ಮೂರನೆಯ ಆವೃತ್ತಿಯೇ ಒಂದು ಹೊದಿಕೆಯ ಮೂಲಕ ಉತ್ತರ ಕೊಡುತ್ತಿತ್ತು. 2021ರ ಮೇ 26ರಂದು ಆ ಹೊದಿಕೆಯನ್ನೂ ತೆಗೆದರು. ಹಳೆಯ ಪುಟಗಳಲ್ಲಿ ಪಟದ ಬದಲು ದೋಷವಷ್ಟೇ ಉಳಿಯಿತು.

ಇಲ್ಲಿ ಗುಣವನ್ನು ಮೊದಲು ಹೇಳುವುದು ನ್ಯಾಯ. ಅವಧಿ ಅಲ್ಪವಾದುದಲ್ಲ. ಹೊದಿಕೆಯಂತೂ ಹಳಗನ್ನಡ ಕಾವ್ಯಕ್ಕೆ ಬರೆದ ಟೀಕೆಯಂತೆ ಸ್ತುತ್ಯವಾದುದು. ಸರಳವಾದ ಅನೇಕ ಪಟಗಳು ಅದರಿಂದ ಏಳು ವರ್ಷಗಳಿಗೂ ಹೆಚ್ಚು ಕಾಲ ಬದುಕಿದುವು. ಆದರೆ ಮುನ್ಸೂಚನೆಯೆಂಬುದು ಕರ್ತೃವಿಗೆ ಹೇಳಿದ ಮಾತು, ಓದುಗನಿಗೆ ಹೇಳಿದುದಲ್ಲ. ಪುಟವನ್ನು ರಚಿಸಿದಾತನು ಕಾಲವಾಗಿರಬಹುದು, ಅಥವಾ ಬೇರೆ ಕೆಲಸಕ್ಕೆ ಹೋಗಿರಬಹುದು. ಆಗ ಆ ಸೂಚನೆಯನ್ನು ಕೇಳುವವರಾರು? ಅವಧಿ ಎಷ್ಟೇ ದೀರ್ಘವಾಗಿದ್ದರೂ ಅನಾಥವಾದ ಕೃತಿಗೆ ಅದರಿಂದ ಪ್ರಯೋಜನವಿಲ್ಲ.

ಇದಕ್ಕೆ ಪ್ರತಿಯಾಗಿ ಯೂನಿಕೋಡ್ ಲಿಪಿಸಂಕೇತದ ನಡೆಯನ್ನು ನೋಡಬಹುದು. 1996ರ ಎರಡನೆಯ ಆವೃತ್ತಿಯಲ್ಲಿ ಕೊರಿಯಾ ದೇಶದ ಹಂಗುಲ್ ಅಕ್ಷರಗಳನ್ನು ಸ್ಥಾನ ಬದಲಿಸಿದುದರಿಂದ ಹಳೆಯ ದಾಖಲೆಗಳಿಗೆ ಬಾಧೆಯುಂಟಾಯಿತು. ಒಮ್ಮೆ ಸೇರಿದ ಅಕ್ಷರವನ್ನು ಕದಲಿಸಬಾರದು, ತೆಗೆಯಬಾರದು ಎಂಬ ನಿಯಮ ಆ ಆವೃತ್ತಿಯಿಂದ ಮುಂದಕ್ಕೆ ನಿಂತಿತು. ಹೆಸರನ್ನು ಬದಲಿಸಬಾರದೆಂಬ ನಿಯಮವೂ ಸೇರಿತು. ಇದರ ಫಲ ಕನ್ನಡದಲ್ಲಿಯೂ ಕಾಣುತ್ತದೆ: ನಮ್ಮ ೞಕಾರಕ್ಕೆ ಅಲ್ಲಿ 'ಫಾ' ಎಂಬ ತಪ್ಪು ಹೆಸರು ಬಿದ್ದಿದೆ, ಅದನ್ನು ಅಳಿಸದೆ ಸರಿಯಾದ ಹೆಸರನ್ನು ಪರ್ಯಾಯವಾಗಿ ಕೊಟ್ಟಿದ್ದಾರೆ. ಸ್ಖಾಲಿತ್ಯವನ್ನೂ ಹೀಗೆ ಉಳಿಸಿಕೊಂಡುದರಿಂದ ಹಿಂದಿನ ಬರಹ ಕೆಡುವುದಿಲ್ಲ.

ಅಕ್ಷರಸಂಕೇತವು ಬರಿಯ ಕೋಷ್ಟಕ, ಭೂಪಟವಾದರೋ ದಿನದಿನವೂ ವೆಚ್ಚದಿಂದ ನಡೆಯಬೇಕಾದ ಸೇವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಆಕ್ಷೇಪಿಸಬಹುದು. ಇದು ಒಪ್ಪತಕ್ಕ ಮಾತೇ. ಹಳೆಯ ಆವೃತ್ತಿಯ ಸಮಸ್ತ ಸೌಕರ್ಯಗಳನ್ನೂ ಶಾಶ್ವತವಾಗಿ ನಡಸಬೇಕೆಂದು ಕೇಳುವುದು ಯುಕ್ತವಲ್ಲ. ಆದರೆ ಹಳೆಯ ಕರೆಯಲ್ಲಿ ಅಕ್ಷಾಂಶ ರೇಖಾಂಶಗಳಿದ್ದೇ ಇರುತ್ತವೆ. ಪಟವು ಹೋದರೂ ಆ ಅಂಕೆಗಳನ್ನಾದರೂ ಓದುಗನಿಗೆ ತೋರಿಸಿ ನಿಲ್ಲುವುದು ಅಸಾಧ್ಯವಾಗಿರಲಿಲ್ಲ. ತ್ರುಟಿತ ಶಾಸನದಲ್ಲಿಯೂ ಉಳಿದಷ್ಟು ಅಕ್ಷರಗಳನ್ನು ಓದುವುದು ನಮ್ಮ ಪದ್ಧತಿ. ಇಲ್ಲಿಯಾದರೋ ಉಳಿದುದನ್ನೂ ಮರೆಮಾಡಿದಂತಾಯಿತು.

ವಿದ್ವಾಂಸರ ಕರ್ತವ್ಯವೂ ಇದರಿಂದಲೇ ಸ್ಪಷ್ಟವಾಗುತ್ತದೆ. ಪರರ ಪಟದ ಮೇಲೆ ಗುರುತಿಟ್ಟ ಪ್ರತಿಯೊಂದು ಸ್ಥಳದ ಹೆಸರನ್ನೂ ಅಕ್ಷಾಂಶ ರೇಖಾಂಶಗಳನ್ನೂ ತಮ್ಮ ಪಠ್ಯದಲ್ಲಿಯೇ ಬಿಡಿಯಾಗಿ ಬರೆದಿಡತಕ್ಕುದು. ಪಟವನ್ನು ಮತ್ತೊಮ್ಮೆ ಬರೆಯಬಹುದು. ನೆಲೆಯ ನಿರ್ದೇಶವೇ ನಷ್ಟವಾದರೆ ಸಂಶೋಧನೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.