ಉಕ್ಕಿನೂರಿನ ನೆನಪು ಯಾರದು?

ನಮ್ಮ ಬಂಡಾಯ ಕಾವ್ಯದಲ್ಲಿ ಬೆಂಕಿಗೆ ಬರ ಬಂದದ್ದಿಲ್ಲ. ಕುಲುಮೆ, ಕೆಂಡ, ಕಿಡಿ, ಸುತ್ತಿಗೆ, ಖಡ್ಗ ಇವಿಲ್ಲದೆ ನಮ್ಮ ಕವಿಗೋಷ್ಠಿಗಳು ಮುಗಿದದ್ದೂ ಇಲ್ಲ. ನಾವೂ ಬರೆದಿದ್ದೇವೆ, ಚಪ್ಪಾಳೆಯನ್ನೂ ತಗೊಂಡಿದ್ದೇವೆ. ಆದರೆ ಆ ಕುಲುಮೆಯ ಬಾಯಿ ಮುಂದೆ ಮೂವತ್ತು ವರ್ಷ ನಿಂತು ಬಂದ ಮನುಷ್ಯ ನಮ್ಮ ಪದ್ಯ ಕೇಳಿದರೆ ಏನಂದಾನು ಎಂಬ ಪ್ರಶ್ನೆ ನಮಗೆ ಹುಟ್ಟಿದ್ದು ಬಹಳ ತಡವಾಗಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಬರದ ತಾಲ್ಲೂಕುಗಳಿಂದ ಹೊಟ್ಟೆಪಾಡಿಗೆ ಹೊರಬಿದ್ದು, ಕೆಲವರು ಭದ್ರಾವತಿಗೆ, ಕೆಲವರು ಬೆಂಗಳೂರಿನ ಎರಕದ ಕಾರ್ಖಾನೆಗಳಿಗೆ ಹೋಗಿ, ವಯಸ್ಸಾದ ಮೇಲೆ ಊರಿಗೆ ಮರಳಿದ್ದಾರೆ. ಅಂಥವರ ಜಗಲಿಯಲ್ಲಿ ನಾವು ಕೆಲವು ಗೆಳೆಯರು ಆಗೀಗ ಕೂರುತ್ತೇವೆ. ಮಧುಗಿರಿಯಲ್ಲಿ ಹೀಗೆ ಕೂತಿದ್ದ ಒಂದು ರಾತ್ರಿ ನಮ್ಮ ಪೈಕಿ ಒಬ್ಬರು ಹುಮ್ಮಸ್ಸಿನಲ್ಲಿ ಕುಲುಮೆಯ ಮೇಲಿನ ತಮ್ಮ ಪದ್ಯ ಓದಿದರು. ಕೇಳಿಸಿಕೊಂಡ ಹಿರಿಯರು ಬೀಡಿ ಆರಿಸಿ ಹೇಳಿದರು:

‘ಎಲ್ಲಾ ಸರಿ ಕಣಪ್ಪಾ. ಕರಗಿದ ಕಬ್ಬಿಣ ಕೆಂಪಗೆ ಹರೀತದೆ ಅಂತ ಬರ್ದಿದೀಯಲ್ಲ, ಅದೆಲ್ಲಿ ಕೆಂಪಗಿರ್ತದೆ? ಬೆಳ್ಳಗಿರ್ತದೆ. ಬರಿಗಣ್ಣಲ್ಲಿ ನೋಡಕಾಗಲ್ಲ, ನೀಲಿ ಗಾಜು ಇಟ್ಕಂಡು ನೋಡ್ಬೇಕು. ಕೆಂಪಾತು ಅಂದ್ರೆ ಆರ್ತಾ ಐತೆ ಅಂತ.’

ಕೂತವರೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ಇಷ್ಟು ವರ್ಷ ನಾವು ಕ್ರಾಂತಿಯ ಬಣ್ಣವೆಂದು ಹಾಡಿದ್ದು ಕುಲುಮೆ ಬಲ್ಲವನ ಕಣ್ಣಿಗೆ ಆರುತ್ತಿರುವ ಕಬ್ಬಿಣದ ಬಣ್ಣ! ಪದ್ಯದ ಒಂದು ವಿಶೇಷಣ ತಪ್ಪಾಯಿತು ಎಂದು ತಿದ್ದಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ ತಪ್ಪು ಎಲ್ಲಿಂದ ಬಂತು? ದುಡಿಯುವವನ ನೋವನ್ನು ನಾವು ಕೇಳಿದೆವೇ ಹೊರತು ಅವನ ತಿಳಿವಳಿಕೆಯನ್ನು ಕೇಳಲಿಲ್ಲ. ಅವನಿಗೆ ನೋವು ಮಾತ್ರ ಇದೆ, ತಿಳಿವಳಿಕೆ ನಮ್ಮದು ಎಂದುಕೊಂಡೆವು. ಇದು ಯಾರ ಬುದ್ಧಿ? ನಾವು ಯಾರ ವಿರುದ್ಧ ಬಂಡೆದ್ದೆವೋ ಅವರದೇ ಬುದ್ಧಿ.

ಅದೇ ಹಿರಿಯರು ಓದು ಬರಹ ಬಲ್ಲವರಲ್ಲ. ಆದರೆ ಸಾಣೆ ಚಕ್ರಕ್ಕೆ ತುಂಡು ಹಿಡಿದಾಗ ಏಳುವ ಕಿಡಿ ನೋಡಿ ಅದು ಯಾವ ಜಾತಿಯ ಉಕ್ಕು ಎಂದು ಹೇಳಬಲ್ಲರು. ಮೆದು ಕಬ್ಬಿಣವಾದರೆ ಕಿಡಿ ನೀಟಾಗಿ ಉದ್ದಕ್ಕೆ ಹೋಗುತ್ತದಂತೆ. ಇಂಗಾಲ ಹೆಚ್ಚಿದ್ದರೆ ಸುರುಸುರು ಬತ್ತಿಯ ಹಾಗೆ ತುದಿಯಲ್ಲಿ ಒಡೆದು ಹೂವಾಗುತ್ತದಂತೆ. ‘ಲ್ಯಾಬಿನೋರು ಚೀಟಿ ಕಳ್ಸೋ ಹೊತ್ಗೆ ನಾವು ಹೇಳಿರ್ತಿದ್ವಿ’ ಅನ್ನುತ್ತಾರೆ. ಅಕ್ಷರವನ್ನು ಯಾರಿಂದ ಕಿತ್ತುಕೊಂಡರೋ ಅವರು ಕಿಡಿಯನ್ನು ಓದುವುದು ಕಲಿತರು. ನಮ್ಮ ವಿಮರ್ಶೆಯ ಪರಿಭಾಷೆಯಲ್ಲಿ ಈ ಓದಿಗೆ ಒಂದು ಹೆಸರಾದರೂ ಇದೆಯೇ?

ಇನ್ನು ಭದ್ರಾವತಿಯ ನೆನಪು ಎಂದು ಕನ್ನಡದಲ್ಲಿ ನಡೆದುಬಂದಿರುವುದನ್ನು ನೋಡೋಣ. ಹಿಂದೆ ಬೆಂಕಿಪುರ ಎನ್ನಿಸಿಕೊಂಡಿದ್ದ ಊರು. 1918ರ ಜನವರಿಯಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಮರ ಭಟ್ಟಿ ಮತ್ತು ಕಬ್ಬಿಣದ ಕಾರ್ಖಾನೆಗೆ ಬುನಾದಿ ಬಿತ್ತು. 1923ರಲ್ಲಿ ಕಬ್ಬಿಣ ಹರಿಯಿತು, 1936ರಲ್ಲಿ ಉಕ್ಕು. ಕಲ್ಲಿದ್ದಲು ಇಲ್ಲದ ಸೀಮೆಯಾದ್ದರಿಂದ ಮಲೆನಾಡಿನ ಮರ ಸುಟ್ಟ ಇದ್ದಿಲೇ ಅದರ ಮೊದಲ ಆಹಾರ. ಅದಿರು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯದು. ಇಷ್ಟನ್ನು ಯಾವ ಶಾಲಾ ಹುಡುಗನೂ ಹೇಳುತ್ತಾನೆ, ಹೇಳಿ ಕೊನೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿ ಕೈ ಮುಗಿಯುತ್ತಾನೆ. 1951ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ತಮ್ಮ ವೃತ್ತಿ ಜೀವನದ ನೆನಪುಗಳಲ್ಲಿ ಭದ್ರಾವತಿಯೂ ಬರುತ್ತದೆ. ನಷ್ಟದಲ್ಲಿದ್ದ ಕಾರ್ಖಾನೆಯ ಮಂಡಳಿಯನ್ನು 1923ರಿಂದ 1929ರವರೆಗೆ ಅವರು ನಡೆಸಿದ್ದು ನಿಜ, ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಶಾಲೆಗೆ ಕೊಟ್ಟದ್ದೂ ನಿಜ. ಅದನ್ನು ಅಲ್ಲಗಳೆಯುವ ಸಣ್ಣತನ ನಮಗೆ ಬೇಡ. ಆದರೆ ಅದೇ 1918ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗಬೇಕೆಂಬ ಬೇಡಿಕೆಯ ಮೇಲೆ ಮಿಲ್ಲರ್ ಸಮಿತಿ ನೇಮಕವಾಯಿತು. ದಿವಾನರು ಅದನ್ನು ಒಪ್ಪಲಿಲ್ಲ, ಆ ವರ್ಷವೇ ದಿವಾನಗಿರಿ ಬಿಟ್ಟರು. ಅದಿರು ಎಲ್ಲಿಂದ ಬರಬೇಕು ಎಂದು ಅಷ್ಟು ದೂರ ನೋಡಿದ ಕಣ್ಣು, ಆಳು ಎಲ್ಲಿಂದ ಬರಬೇಕು, ಯಾವ ಕೇರಿಯವನು ಯಾವ ಕುರ್ಚಿಯವರೆಗೆ ಏರಬಹುದು ಎಂಬ ಪ್ರಶ್ನೆಯ ಮುಂದೆ ಬೇರೆಯಾಯಿತು. ಕಾರ್ಖಾನೆಯ ಕಥೆಯನ್ನೂ ಮಿಲ್ಲರ್ ವರದಿಯ ಕಥೆಯನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಓದಿಸುವ ಜಾಣತನವನ್ನು ನಾವು ಗುರುತಿಸಬೇಕು. ಎರಡನ್ನೂ ಒಟ್ಟಿಗೆ ಓದಿದವನಿಗೆ ಮಾತ್ರ ಉಕ್ಕಿನೂರಿನ ನೆನಪು ಪೂರ್ತಿ ಸಿಗುತ್ತದೆ.

ನಮ್ಮ ಸೀಮೆಯವರು ಕಬ್ಬಿಣಕ್ಕೆ ಹೊಸಬರೂ ಅಲ್ಲ. 1800ರಲ್ಲಿ ಕಂಪನಿ ಸರ್ಕಾರದ ಫ್ರಾನ್ಸಿಸ್ ಬುಕನನ್ ಈ ದಾರಿಯಲ್ಲಿ ಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಗ್ರಂಥದಲ್ಲಿ ಮಧುಗಿರಿ ಮತ್ತು ಚನ್ನರಾಯನದುರ್ಗದ ಕಡೆ ಕಬ್ಬಿಣ ಕರಗಿಸುವ ಕ್ರಮ ವಿವರವಾಗಿದೆ. ಮಳೆಗಾಲದ ಹಳ್ಳಗಳು ಬಂಡೆಗಳಿಂದ ಕೊಚ್ಚಿ ತರುವ ಕರಿಮರಳೇ ಇಲ್ಲಿನ ಅದಿರು. ಕಬ್ಬಿಣವನ್ನು ತಂಗಟೆಯ ಕಡ್ಡಿ, ಹಸಿರೆಲೆಯ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕು ಮಾಡುತ್ತಿದ್ದರು. ಅದು ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ಹೋಗುತ್ತಿತ್ತು. ಬುಕನನ್ ಬಂದದ್ದು ಗೆದ್ದ ನಾಡಿನ ಆಸ್ತಿ ಲೆಕ್ಕ ಹಾಕಲು, ನಮ್ಮ ಮೇಲಿನ ಪ್ರೀತಿಯಿಂದಲ್ಲ. ಆದರೂ ಅವನ ಲೆಕ್ಕದಲ್ಲಿ ಇದ್ದಿಲು ಸುಡುವವರಿದ್ದಾರೆ, ಕುಲುಮೆಯವರಿದ್ದಾರೆ, ಮರಳು ಬಳಿದು ತೊಳೆಯುವ ಒಬ್ಬ ಹೆಂಗಸೂ ಇದ್ದಾಳೆ. ಹೆಸರಿಲ್ಲ, ಆದರೆ ಅವಳು ಕೆಲಸ ಮಾಡುತ್ತಿದ್ದುದು ಮರಳು ಸಿಗುವ ನಾಲ್ಕು ತಿಂಗಳು ಎಂಬ ಲೆಕ್ಕ ಇದೆ. ಪರದೇಶಿಯ ಆಸ್ತಿಪಟ್ಟಿಯಲ್ಲಿ ಸಿಕ್ಕ ಆ ಒಂದು ಸಾಲಿನ ಜಾಗ ಅವಳಿಗೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಸಿಗಲಿಲ್ಲ.

ಇಲ್ಲಿ ತಿದಿಯ ಮಾತೂ ಬರಬೇಕು. ಕುಲುಮೆ ಉಸಿರಾಡುವುದು ತೊಗಲಿನ ತಿದಿಯಿಂದ. ಸತ್ತ ದನ ಹೊತ್ತು, ಸುಲಿದು, ತಂಗಟೆ ತೊಗಟೆಯ ನೀರಲ್ಲಿ ನೆನೆಹಾಕಿ ತೊಗಲನ್ನು ಹದ ಮಾಡಿದ ಕೈ ನಮ್ಮ ಮಾದಿಗರ ಕೇರಿಯದು. ಮೈಸೂರು ಸೀಮೆಯ ಉಕ್ಕೆಂದು, ಕತ್ತಿಯ ಅಲಗೆಂದು ಹೊಗಳುವವರು ಆ ತೊಗಲಿನ ವಾಸನೆಗೆ ಮಾತ್ರ ಮೂಗು ಮುಚ್ಚಿದರು. ಮುಂದೆ ಸೀಮೆ ಕಬ್ಬಿಣ ಸಸ್ತಾ ಬಂತು, ಕುಲುಮೆಗಳು ಆರಿದವು. ಕಿಟ್ಟ ಹೊಲದಲ್ಲಿ ಉಳಿಯಿತು, ಮಂದಿ ಗುಳೆ ಎದ್ದರು.

ಆ ಗುಳೆ ಹೋದವರ ನೆನಪಿಗೇ ಮತ್ತೆ ಬರೋಣ. ಕಾರ್ಖಾನೆಯಲ್ಲಿ ಮನುಷ್ಯ ಹೆಸರು ಕಳೆದುಕೊಂಡು ಬರೀ ನಂಬರಾಗುತ್ತಾನೆ ಎಂದು ನವ್ಯರು ಮರುಗಿದರು. ಪರಕೀಯತೆ, ಅನಾಥಪ್ರಜ್ಞೆ ಇತ್ಯಾದಿ. ಪರಕೀಯನಾಗಲು ಮೊದಲು ಸ್ವಂತ ಊರೊಂದು ಇರಬೇಕಲ್ಲ! ಪಾವಗಡದ ಕಡೆಯ ಒಬ್ಬರು, ಹುಡುಗನಾಗಿದ್ದಾಗ ಗೌಡರ ಮನೆಯ ಜೀತದಿಂದ ರಾತ್ರೋರಾತ್ರಿ ಓಡಿಹೋದವರು, ಹೇಳಿದ್ದು ಇದು: ‘ಊರಾಗೆ ನನ್ನ ಹೆಸರು ಕರೆಯೋ ಮುಂದೆ ಜಾತಿ ಕರೀತಿದ್ರು. ಅಲ್ಲಿ ಬಿಲ್ಲೆ ಕೊಟ್ರು, ನಂಬರ್ ಹಾಕಿ. ನಂಬರಿಗೆ ಜಾತಿ ಇರಲಿಲ್ಲ ನೋಡಪ್ಪ.’ ಜೀತ ಪದ್ಧತಿಯನ್ನು ರದ್ದುಪಡಿಸುವ ಕಾನೂನು ಬಂದದ್ದು 1976ರಲ್ಲಿ. ಇವರು ಓಡಿದ್ದು ಅದಕ್ಕೂ ಮೊದಲು. ಅವರ ಮಾತಿನ ಮುಂದೆ ನವ್ಯರ ಪರಕೀಯತೆ ಎಷ್ಟು ಹೊಟ್ಟೆ ತುಂಬಿದವರ ಕಾಯಿಲೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹಿತ್ತಾಳೆ ಬಿಲ್ಲೆಯನ್ನು ಅವರು ಇವತ್ತಿಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.

ಹಾಗಂತ ಕಾರ್ಖಾನೆ ಜಾತಿಯನ್ನು ಕರಗಿಸಿತು ಎಂದು ಹೊರಡುವ ನಮ್ಮ ಕೆಲವು ಎಡಪಂಥೀಯ ಗೆಳೆಯರ ಅವಸರಕ್ಕೂ ಈ ನೆನಪುಗಳು ಒದಗುವುದಿಲ್ಲ. ಹೆಸರು ಬೇಡವೆಂದ ಒಂದು ಎರಕದ ಕಾರ್ಖಾನೆಯಲ್ಲಿ ದುಡಿದವರು ಹೇಳುವ ಪ್ರಕಾರ, ಬೆಂಕಿ ಹತ್ತಿರ ಯಾರು ಬೇಕಾದರೂ ನಿಲ್ಲಬಹುದಿತ್ತು. ಕುಡಿಯುವ ನೀರಿನ ಹಂಡೆ ಹತ್ತಿರ ಮಾತ್ರ ಆಗುತ್ತಿರಲಿಲ್ಲ. ‘ನಂಬರಿಗೆ ಜಾತಿ ಇಲ್ಲ, ಲೋಟಕ್ಕೆ ಇತ್ತು’ ಅಂದರು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗುತ್ತದೆಂಬ ಕಾರಣಕ್ಕೇ ಅಸ್ಪೃಶ್ಯರನ್ನು ನೇಯ್ಗೆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ ಎಂಬುದನ್ನು ಬಾಬಾಸಾಹೇಬರು ಎತ್ತಿ ತೋರಿಸಿ ಕೇಳಿದ್ದು ಕಾರ್ಮಿಕ ಸಂಘಗಳನ್ನೇ. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ಅಸ್ಪೃಶ್ಯ ಕಾರ್ಮಿಕರ ಮುಂದೆ ಅವರು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಿಮ್ಮ ಶತ್ರುಗಳು ಅಂದರು. ನಾವು ಸಭೆಗಳಲ್ಲಿ ಈ ಮಾತನ್ನು ಬೇಕಾದಷ್ಟು ಸಲ ಬಳಸಿಕೊಂಡಿದ್ದೇವೆ. ನಮ್ಮದೇ ಸೀಮೆಯ ಕಾರ್ಮಿಕನ ನೆನಪಿನಲ್ಲಿ ಅದಕ್ಕೆ ಸಾಕ್ಷಿ ಹುಡುಕುವ ಕೆಲಸ ಮಾತ್ರ ನಡೆಯಲಿಲ್ಲ.

ಇದರಲ್ಲಿ ಒಂದು ವಿಪರ್ಯಾಸವಿದೆ. ನಮ್ಮ ಚಳವಳಿಯೇ ಆ ಉಕ್ಕಿನೂರಿನ ಪಕ್ಕದಲ್ಲಿ ಬೆಳೆದದ್ದು. ಪ್ರೊ. ಬಿ. ಕೃಷ್ಣಪ್ಪನವರು ಪಾಠ ಹೇಳುತ್ತಿದ್ದದ್ದು ಭದ್ರಾವತಿಯಲ್ಲಿ, 1976ರಲ್ಲಿ ದಲಿತ ಲೇಖಕರು ಕಲಾವಿದರು ಸೇರಿದ್ದು ಭದ್ರಾವತಿಯಲ್ಲಿ. 1973ರ ಬೂಸಾ ಗಲಾಟೆಯ ಕಾವು ಇನ್ನೂ ಆರಿರದ ದಿನಗಳು. ಬಸವಲಿಂಗಪ್ಪನವರು ಎತ್ತಿದ ಪ್ರಶ್ನೆಯನ್ನು ಇವತ್ತು ನಾವು ನಮಗೇ ಕೇಳಿಕೊಳ್ಳಬೇಕಾಗಿದೆ: ಕಯ್ಯೂರಿನ ರೈತರಿಗೆ ನಿರಂಜನರ ‘ಚಿರಸ್ಮರಣೆ’ ಇದೆ, ನಮ್ಮ ಹೊಲೆಮಾದಿಗರ ಕೇರಿಯಿಂದ ಕುಲುಮೆಗೆ ಹೋದವನಿಗೆ ನಾವು ಏನು ಬರೆದಿದ್ದೇವೆ? ಅವನ ಮೇಲೆ ಬರೆದ ಪದ್ಯಗಳನ್ನು ಬಿಟ್ಟು ಹೇಳಿ.

ನಾವು ಬರೆದುಕೊಳ್ಳುವ ರೀತಿಯಲ್ಲೇ ದೋಷವಿದೆ. ಆ ಎರಕದ ಕಾರ್ಖಾನೆಯ ಹಿರಿಯರು ಹೇಳಿದ್ದನ್ನು ಬರೆದು ಮುಂದಿನ ವಾರ ಓದಿ ಹೇಳಿದೆವು. ಪೂರ್ತಿ ಕೇಳಿ, ‘ಚೆನ್ನಾಗೈತೆ, ಯಾರ್ದಿದು?’ ಅಂದರು. ನಾವು ‘ಅಮಾನುಷ ಶೋಷಣೆ’ ಎಂದು ಬರೆದಿದ್ದ ಜಾಗದಲ್ಲಿ ಅವರು ನಿಜವಾಗಿ ಹೇಳಿದ್ದು, ‘ಅವ್ವ ಸತ್ತಾಗ ಎರಡು ದಿನ ರಜಾ ಕೇಳ್ದೆ, ಒಂದಿನ ಕೊಟ್ರು. ಮಣ್ಣಿಗೆ ಸಿಕ್ಕಲಿಲ್ಲ.’ ಆ ಎರಡು ಮಾತಿಗಿಂತ ನಮ್ಮ ದಪ್ಪ ಪದ ದೊಡ್ಡದೆಂದು ನಮಗೆ ಕಲಿಸಿದವರು ಯಾರು? ನವ್ಯರು ಸೂಕ್ಷ್ಮತೆಯ ಹೆಸರಲ್ಲಿ ಅವನನ್ನು ಹೊರಗಿಟ್ಟರು, ನಾವು ಘೋಷಣೆಯ ಹೆಸರಲ್ಲಿ ಅವನ ಬಾಯಿ ಮುಚ್ಚಿದೆವು.

ಹಳೆಯ ಕಾರ್ಮಿಕರು ‘ಆ ಕಾಲ ಚೆನ್ನಾಗಿತ್ತು’ ಅಂದಾಗ ನಮಗೆ ಕಸಿವಿಸಿಯಾಗುತ್ತದೆ. ಭ್ರಮೆ ಎಂದು ತಳ್ಳಿಬಿಡಲು ತವಕ. ಆದರೆ ಅವರು ಯಾವುದಕ್ಕೆ ಹೋಲಿಸಿ ಚೆನ್ನಾಗಿತ್ತು ಅನ್ನುತ್ತಿದ್ದಾರೆ ನೋಡಿ. ಕಾಯಂ ನೌಕರಿ, ತಿಂಗಳ ಸಂಬಳ, ನಲ್ಲಿ ನೀರಿನ ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ, ಇವು ಒಂದೇ ತಲೆಮಾರಿಗೆ ಸಿಕ್ಕಿ ಮುಗಿದವು. ಭದ್ರಾವತಿಯ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2016ರಲ್ಲಿ ಮಾರುವ ಮಾತು ಬಂತು. ಕೊಳ್ಳುವವರು ಬರಲಿಲ್ಲವೆಂದು 2023ರ ಜನವರಿಯಲ್ಲಿ ಮುಚ್ಚುವುದೆಂದಾಯಿತು; ಗುತ್ತಿಗೆ ಕಾರ್ಮಿಕರು ಬೀದಿಗೆ ಕೂತರು, ಆ ವರ್ಷದ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ತಿರುಗಿತು. ಗುತ್ತಿಗೆಯವನಿಗೆ ‘ಆ ಕಾಲ’ ಎಂಬುದೇ ಇಲ್ಲ. ಇತ್ತ ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೌರ ಫಲಕಗಳು ನಿಂತಿವೆ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಎಂದು ಗೊತ್ತಾಯಿತು. ಅದೇ ನೆಲದಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಯಾವ ಬಾಡಿಗೆ? ಬಿಲ್ಲೆಯನ್ನು ಟ್ರಂಕಿನಲ್ಲಿಟ್ಟುಕೊಂಡವರು ಕೂತು ನೋಡುತ್ತಿರುವುದು ಈ ನೆಲವನ್ನು. ಅವರ ಹಳಹಳಿಕೆಯಲ್ಲಿ ಇವತ್ತಿನ ಮೇಲಿನ ಟೀಕೆಯೂ ಇದೆ. ಕೇಳುವ ಕಿವಿ ಬೇಕು.

ಇಷ್ಟೆಲ್ಲ ಬರೆದ ಮೇಲೆ ಗಮನಕ್ಕೆ ಬರುತ್ತಿದೆ: ನಮ್ಮ ಜಗಲಿಯ ಮಾತುಗಳಲ್ಲಿ ಹೆಂಗಸರಿಲ್ಲ. ಗಂಡಸರು ಮಾತಾಡುವಾಗ ಅವರು ಒಳಗೆ ಕಾಫಿ ಕಾಯಿಸುತ್ತಿದ್ದರು. ಪಾಳಿ ಮುಗಿಸಿ ಬಂದವನ ಬೆವರಂಗಿ ಒಗೆದವರು, ಊರಲ್ಲೇ ಉಳಿದು ಮನಿಯಾರ್ಡರಿಗೆ ಕಾದವರು, ಗುತ್ತಿಗೆಯಲ್ಲಿ ಬಾಂಡ್ಲಿ ಹೊತ್ತವರು. ಬುಕನನ್ನನ ಕಣ್ಣಿಗೆ ಬಿದ್ದವಳು ನಮ್ಮ ಕಣ್ಣಿಗೆ ಬೀಳಲಿಲ್ಲ ಎಂದರೆ ನಾಚಿಕೆಯ ಸಂಗತಿ. ಕೊರಟಗೆರೆಯಲ್ಲಿ ಒಬ್ಬಾಕೆ ಒಳಗಿಂದಲೇ ಕೂಗಿ ಹೇಳಿದ್ದರು, ‘ಔರ್ನೇನ್ ಕೇಳ್ತೀರಿ, ಔರ್ ಅಂಗಿ ತೂತು ಹೊಲ್ದೋಳು ನಾನು, ಯಾವ್ ಕಿಡಿ ಎಲ್ಲಿ ಬಿತ್ತು ಅಂತ ನನಗ್ ಗೊತ್ತು.’ ಆವತ್ತು ನಾವು ನಕ್ಕು ಸುಮ್ಮನಾದೆವು, ಬರೆದುಕೊಳ್ಳಲಿಲ್ಲ.

ಮುಂದಿನ ಸಂಚಿಕೆಗೆ ಇಂಥ ನೆನಪುಗಳನ್ನು ಹೇಳಿದವರ ಮಾತಿನಲ್ಲೇ ಅಚ್ಚು ಹಾಕಬೇಕೆಂದಿದ್ದೇವೆ. ನಾಲ್ಕು ತಾಲ್ಲೂಕಿನ ಗೆಳೆಯರು ಬರೆದು ಕಳಿಸಲಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಲಿ. ಬರೆಯುವ ಮಕ್ಕಳು ಭಾಷೆ ತಿದ್ದಬಾರದು, ನಾವೂ ತಿದ್ದುವುದಿಲ್ಲ. ಕೊರಟಗೆರೆಯ ಆ ಅಮ್ಮನ ಮನೆಗೆ ಈ ಭಾನುವಾರ ಹೋಗುತ್ತಿದ್ದೇವೆ.