ಗೈರುಹಾಜರಿಯಲ್ಲಿ ಸನ್ಮಾನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಶಾಲಾ ವಾರ್ಷಿಕೋತ್ಸವ, ಚರ್ಚಿನ ಹಬ್ಬ, ಸಂಘದ ಬೆಳ್ಳಿಹಬ್ಬಗಳಲ್ಲಿ ಓದುವ ಸನ್ಮಾನ ಪತ್ರವೂ ಒಂದು ಸಾಹಿತ್ಯ ಪ್ರಕಾರವೇ. ಸಭೆ ಮುಗಿದ ಮೇಲೆ ‘ಪತ್ರ ಭಾರೀ ಲಾಯ್ಕ ಇತ್ತು ಮಾರಾಯ್ರೆ’ ಎಂಬುದಕ್ಕಿಂತ ಹೆಚ್ಚಿನ ವಿಮರ್ಶೆ ಅದಕ್ಕೆ ಸಿಕ್ಕಿಲ್ಲ. ವಿದೇಶದಲ್ಲಿ ದುಡಿಯುವ ನರ್ಸ್‌ಗಳ ಬಗೆಗಿನ ಪತ್ರಗಳಿಗಂತೂ ಮೆಚ್ಚುಗೆ ಇನ್ನೂ ಜಾಸ್ತಿ. ನನ್ನ ಮಟ್ಟಿಗೆ ಅದು ಕೆಟ್ಟ ಬರವಣಿಗೆ.

ಹಿನ್ನೆಲೆ ಎಲ್ಲರಿಗೂ ಗೊತ್ತಿದ್ದದ್ದೇ. 1880ರಲ್ಲಿ ಪಾದ್ರಿ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಶುರು ಮಾಡಿದ ಔಷಧಾಲಯ, ಮೂಡುಬಿದಿರೆಯ ಆಳ್ವಾಸ್‌ವರೆಗೆ ಹಬ್ಬಿದ ನರ್ಸಿಂಗ್ ಕಾಲೇಜುಗಳು, ಕೇರಳದಿಂದ ಬಂದು ಬೆಳ್ತಂಗಡಿಯ ಗುಡ್ಡಗಳಲ್ಲಿ ರಬ್ಬರ್ ಬೆಳೆಸಿದ ಕುಟುಂಬಗಳು, ಆಮೇಲೆ ಕೊಲ್ಲಿ. ಅದನ್ನು ಬಿಟ್ಟು ಪತ್ರಕ್ಕೇ ಬರೋಣ.

ಪತ್ರದ ಕ್ರಮ ನೋಡಿ. ಮೊದಲು ತಂದೆತಾಯಿಯ ಹೆಸರು. ಓದಿದ ಶಾಲೆ, ಕಾಲೇಜು ಒಂದೇ ವಾಕ್ಯದಲ್ಲಿ ಮುಗಿಯುತ್ತವೆ. ಬಳಿಕ ಸೌದಿ, ಕುವೈತ್, ಐರ್ಲೆಂಡ್ ಎಂದು ದೇಶಗಳ ಪಟ್ಟಿ. ಅಲ್ಲಿಂದ ಬರವಣಿಗೆ ಸರಾಗ: ತಂಗಿಯ ಮದುವೆ, ತಮ್ಮನ ಇಂಜಿನಿಯರಿಂಗ್, ಹೊಸ ಮನೆ, ಶಾಲೆಯ ಮಾಡಿಗೆ ಕೊಟ್ಟ ದೇಣಿಗೆ. ಇಷ್ಟು ವರ್ಷದ ಕೆಲಸಕ್ಕೆ ಮಾತ್ರ ‘ಅಹರ್ನಿಶಿ ರೋಗಿಗಳ ಆರೈಕೆಯಲ್ಲಿ’ ಎಂಬ ಒಂದೇ ತುಣುಕು. ಹನ್ನೆರಡು ಗಂಟೆಯ ನೈಟ್ ಡ್ಯೂಟಿ, ಕೈಗೆ ಸಿಗದ ರಕ್ತನಾಳ, ಪಾಳಿ ಬದಲಾಗುವಾಗ ಒಪ್ಪಿಸಬೇಕಾದ ಲೆಕ್ಕ, ಭಾಷೆ ಗೊತ್ತಿಲ್ಲದ ಮುದುಕನಿಗೆ ನೋವು ಎಲ್ಲಿ ಎಂದು ಕೇಳುವ ಉಪಾಯ, ಎಲ್ಲವೂ ಆ ತುಣುಕಿನೊಳಗೇ ಹೂತುಹೋಗುತ್ತವೆ.

ಪತ್ರ ಶುರುವಿನಿಂದ ಕೊನೆವರೆಗೆ ‘ತಾವು’ ಎಂದೇ ಮಾತಾಡುತ್ತದೆ. ಆದರೆ ರಜೆ ಸಿಗದ್ದರಿಂದ ಸನ್ಮಾನಗೊಳ್ಳುವ ನರ್ಸ್ ಬಂದಿರುವುದಿಲ್ಲ. ಪೇಟ ತೊಟ್ಟು, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಕೂತವರು ಅವಳ ಅಪ್ಪ. ‘ತಾವು ಕುಟುಂಬದ ಹೊಣೆಯನ್ನು ಹೆಗಲಿಗೆತ್ತಿಕೊಂಡು’ ಎಂದು ನಿರೂಪಕರು ಓದುವಾಗ ತಲೆಯಾಡಿಸುವವರೂ ಅವರೇ. ಯಾರಿಗೂ ಇದು ಅಡ್ಡಿಯೆನಿಸುವುದಿಲ್ಲ, ಏಕೆಂದರೆ ಪತ್ರದಲ್ಲಿ ಅಪ್ಪನಿಗೆ ಒಪ್ಪದ ಒಂದು ವಾಕ್ಯವೂ ಇಲ್ಲ. ಅವಳಷ್ಟೇ ಮಾಡಬಲ್ಲ ಕೆಲಸದ ಒಂದೇ ಒಂದು ವಿವರ ಬಂದಿದ್ದರೆ ಸಭೆ ನಕ್ಕುಬಿಡುತ್ತಿತ್ತು. ವ್ಯಕ್ತಿಯೇ ಇಲ್ಲದೆಯೂ ಹೊಂದಿಕೊಳ್ಳುವ ವ್ಯಕ್ತಿಚಿತ್ರ ಇದು.

ಅದೇ ಮನೆಯ ಕಪಾಟಿನಲ್ಲಿ ಇನ್ನೊಂದು ಕೃತಿ ಇದೆ: ಅವಳ ಫೈಲು. ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲಿನ ನೋಂದಣಿ, ಕೊಲ್ಲಿಯ ಪರವಾನಗಿಗೆ ಬರೆದ ಪ್ರೊಮೆಟ್ರಿಕ್ ಪರೀಕ್ಷೆಯ ಫಲಿತಾಂಶ, ದಾಖಲೆಗಳನ್ನು ಪರಿಶೀಲಿಸಿದ ಡೇಟಾಫ್ಲೋ ವರದಿ. ಅನುಭವ ಪತ್ರದಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ವಾರ್ಡು, ಎಷ್ಟು ಹಾಸಿಗೆಯ ಆಸ್ಪತ್ರೆ ಎಂದಿರುತ್ತದೆ. ಪ್ರತಿ ಮಾತನ್ನೂ ಕಾಲೇಜಿಗೆ, ಆಸ್ಪತ್ರೆಗೆ ಬರೆದು ತಾಳೆ ನೋಡುತ್ತಾರೆ. ಜೀವನಚರಿತ್ರೆಯಾಗಿ ಓದಿದರೆ ಸನ್ಮಾನ ಪತ್ರಕ್ಕಿಂತ ಇದೇ ಮೇಲು. ಫೈಲಿಗೂ ದೋಷವಿದೆ: ಕೈಯಿಂದ ಕೈಗೆ ಹೋದ ಹಣಕ್ಕೆ ಅಲ್ಲಿ ರಶೀದಿ ಇರುವುದಿಲ್ಲ. 19,500 ರೂಪಾಯಿ ತೆಗೆದುಕೊಳ್ಳಬೇಕಾದ ಏಜೆನ್ಸಿ ಒಬ್ಬೊಬ್ಬ ನರ್ಸ್‌ನಿಂದ 19.5 ಲಕ್ಷ ವಸೂಲು ಮಾಡಿತೆಂಬ ಪ್ರಕರಣ ಕೊಚ್ಚಿಯಲ್ಲಿ ಸಿಬಿಐ ಮುಂದೆ ಬಂದದ್ದು 2015ರಲ್ಲಿ. 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯವಾದದ್ದೂ ಅದೇ ವರ್ಷ. ಏಜೆನ್ಸಿಗೆ ಕೊಡಲು ಮಾಡಿದ ಸಾಲದ ಸುದ್ದಿಯನ್ನು ಯಾವ ವೇದಿಕೆಯ ಪತ್ರದಲ್ಲಿ ಕೇಳಿದ್ದೀರಿ?

ಇಲ್ಲಿ ನಮ್ಮ ಸೆಮಿನಾರು ಪಂಡಿತರ ಜತೆ ಸ್ವಲ್ಪ ಜಗಳವಿದೆ. ಪ್ರತಿಭಾ ಪಲಾಯನ ಎಂದು ಗೋಳಾಡುವವರನ್ನು ಬಿಡಿ. ಇಲ್ಲಿನ ಸಂಬಳದ ಚೀಟಿ ತೋರಿಸಿದರೆ ಅವರು ಸುಮ್ಮನಾಗುತ್ತಾರೆ. ಇನ್ನೊಂದು ಪಂಗಡ ಫಿಲಿಪ್ಪೀನ್ಸ್ ನೋಡಿ ಕಲಿಯಿರಿ ಎನ್ನುತ್ತದೆ. 1974ರ ಕಾರ್ಮಿಕ ಸಂಹಿತೆಯಿಂದ ಅಲ್ಲಿ ಸರಕಾರವೇ ಮುಂದೆ ನಿಂತು ಜನರನ್ನು ಹೊರಗೆ ಕಳಿಸುತ್ತ ಬಂದಿದೆ. 1988ರಲ್ಲಿ ಅಧ್ಯಕ್ಷೆ ಕೊರಾಜೋನ್ ಅಕ್ವಿನೊ ಅವರು ಹಾಂಗ್‌ಕಾಂಗ್‌ನಲ್ಲಿ ಆ ವಲಸೆ ಕಾರ್ಮಿಕರನ್ನು ‘ಹೊಸ ವೀರರು’ ಎಂದು ಕರೆದರು. ಅದೂ ಒಂದು ಸನ್ಮಾನ ಪತ್ರವೇ, ಸರಕಾರಿ ಮೊಹರು ಹೆಚ್ಚುವರಿ. ವಲಸೆ ಕಾರ್ಮಿಕರ ರಕ್ಷಣೆಗೆ ಕಾಯ್ದೆ ಬಂದದ್ದು ಬಿರುದಿನಿಂದಲ್ಲ. 1995ರಲ್ಲಿ ಫಿಲಿಪ್ಪೀನ್ಸ್‌ನಿಂದ ಹೋಗಿ ಮನೆಗೆಲಸ ಮಾಡುತ್ತಿದ್ದ ಫ್ಲೋರ್ ಕಾಂಟೆಂಪ್ಲೇಸಿಯನ್ ಅವರನ್ನು ಸಿಂಗಾಪುರ ಗಲ್ಲಿಗೇರಿಸಿದಾಗ ಜನ ಬೀದಿಗಿಳಿದದ್ದರಿಂದ. ಕೊರೊನಾ ಕಾಲದಲ್ಲಂತೂ ಅದೇ ಸರಕಾರ ಹೊಸ ನರ್ಸ್‌ಗಳನ್ನು ತಡೆದು, ಆಮೇಲೆ ವರ್ಷಕ್ಕೆ 5,000 ಎಂದು ಮಿತಿ ಹಾಕಿತು. ಲಸಿಕೆ ಕೊಟ್ಟರೆ ಮಿತಿ ಸಡಿಲಿಸುತ್ತೇವೆ ಎಂದು 2021ರಲ್ಲಿ ಬ್ರಿಟನ್, ಜರ್ಮನಿಗಳ ಮುಂದೆ ಚೌಕಾಶಿಗೂ ಇಳಿಯಿತು. ನಮ್ಮವರು ಕಲಿಯಬೇಕಾದ ಪಾಠ ಇದೇನು?

ನರ್ಸ್ ಕೆಲಸವನ್ನು ಬರೆಯಲು ನಮಗೆ ಬಾರದು ಎಂದೂ ಅಲ್ಲ. 2012ರ ಡಿಸೆಂಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಗೆ ರೇಡಿಯೋದವರು ಹುಡುಗಾಟದ ಕರೆ ಮಾಡಿದರು. ನಸುಕಿನ ಆ ಹೊತ್ತಿನಲ್ಲಿ ರಿಸೆಪ್ಷನ್‌ನಲ್ಲಿ ಯಾರೂ ಇರಲಿಲ್ಲ, ಡ್ಯೂಟಿಯಲ್ಲಿದ್ದ ಶಿರ್ವದ ಸೊಸೆ ಜೆಸಿಂತಾ ಸಲ್ಡಾನ್ಹಾ ಫೋನೆತ್ತಿ ವಾರ್ಡಿಗೆ ದಾಟಿಸಿದರು. ಕರಾವಳಿಯ ನರ್ಸ್ ಒಬ್ಬರ ಪಾಳಿಯ ಕೆಲವು ನಿಮಿಷಗಳು ಅಷ್ಟು ಬಿಡಿಬಿಡಿಯಾಗಿ ಅಚ್ಚಾಗಲು ಅವರ ಸಾವೇ ಬೇಕಾಯಿತು.

ಪತ್ರಗಳ ಪರವಾಗಿಯೂ ಒಂದು ಮಾತು ಹೇಳಬೇಕಲ್ಲ: ಊರಿನ ಹೆಣ್ಣುಮಗಳ ದುಡಿಮೆಯನ್ನು ಮೈಕಿನಲ್ಲಿ ಹೇಳುವ ರೂಢಿಯನ್ನಾದರೂ ಅವು ತಂದವು. ಆದರೆ ಅವಳದೇ ಬ್ಯಾಚಿನಲ್ಲಿ ಕಲಿತು ತಾಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ದುಡಿಯುವ ಗೆಳತಿಯನ್ನು ಯಾರೂ ವೇದಿಕೆಗೆ ಕರೆದಿಲ್ಲ. ಅವಳ ಮೇಲೆ ಪತ್ರ ಬರೆಯಲು ಇದೇ ಕವಿಗಳಿಗೆ ಹೇಳಿ ನೋಡಿ. ದೇಶಗಳ ಪಟ್ಟಿ ಇಲ್ಲ, ದೇಣಿಗೆ ಇಲ್ಲ, ಹೊಸ ಮನೆ ಇಲ್ಲ. ಪುಟ ತುಂಬಬೇಕಾದರೆ ವಾರ್ಡಿಗೆ ಹೋಗಿ, ಅವಳು ಏನು ಮಾಡುತ್ತಾಳೆಂದು ನೋಡಿ ಬರದೆ ವಿಧಿಯಿಲ್ಲ.