ಬಾಗಿಲಲ್ಲ, ಕಿಟಕಿ

ನೀರಿಗೆ ಬಿದ್ದ ಕಾರು ತಕ್ಷಣ ಮುಳುಗುವುದಿಲ್ಲ, ತೇಲುತ್ತದೆ. ಒಂದು ಟನ್ ತೂಕದ ಕಬ್ಬಿಣದ ಗಾಡಿ ತೇಲುತ್ತದೆಂದರೆ ನಂಬುವುದು ಕಷ್ಟ. ಆದರೆ ಗಾಜು ಏರಿಸಿ, ರಬ್ಬರು ಪಟ್ಟಿಗೆ ಬಾಗಿಲು ಬಿಗಿದು ಕೂತ ಸಣ್ಣ ಕಾರಿನೊಳಗೂ ಎರಡೂವರೆ ಮೂರು ಘನಮೀಟರ್ ಗಾಳಿ ಇರುತ್ತದೆ. ಅದು ಹೊರಹೋಗುವವರೆಗೂ ನೀರು ಕಾರನ್ನು ಎತ್ತಿ ಹಿಡಿದಿರುತ್ತದೆ. ಅರ್ಧ ನಿಮಿಷ ಇರಬಹುದು, ಹೆಚ್ಚೆಂದರೆ ಎರಡು ನಿಮಿಷ. ಅಷ್ಟು ಹೊತ್ತು ನಿಮ್ಮ ಕಾರು ತಳ ಸೋರುವ ಹರಿಗೋಲು. ಒಳಗಿದ್ದವರ ಪ್ರಾಣದ ತೀರ್ಮಾನ ಬಹುಮಟ್ಟಿಗೆ ಆಗುವುದು ಆ ಹೊತ್ತಿನಲ್ಲೇ.

ಕಾರಿನ ಹುಚ್ಚು ಹಿಡಿದ ನಾವು ಪಿಕಪ್ಪು, ಮೈಲೇಜು, ತಿರುವಿನಲ್ಲಿ ಬಾಡಿ ಎಷ್ಟು ವಾಲುತ್ತದೆ ಎಂಬುದನ್ನೆಲ್ಲ ಗಂಟೆಗಟ್ಟಲೆ ಮಾತಾಡುತ್ತೇವೆ. ಕಾರಿನಿಂದ ಹೊರಬರುವ ಬಗೆಯನ್ನು ಯಾವ ಶೋರೂಮಿನಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಚಾಲನೆ ಒಂದು ವಿದ್ಯೆ ಎಂದು ನಂಬಿದವನು ನಾನು. ಗಾಡಿ ಕೈಮೀರಿದ ಮೇಲೆ ಏನು ಮಾಡಬೇಕೆಂಬುದೂ ಆ ವಿದ್ಯೆಯ ಭಾಗವೇ.

ಮಂಡ್ಯ ಕಡೆಯವರಿಗೆ ಇದು ದೂರದ ಮಾತಲ್ಲ. ಕೆಆರ್‌ಎಸ್‌ನಿಂದ ಹೊರಟು ಹುಲಿಕೆರೆ ಸುರಂಗ ದಾಟಿ ಬರುವ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ, ಹಲವೆಡೆ ರಸ್ತೆಯ ಮಗ್ಗುಲಲ್ಲೇ ಹರಿಯುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಅದಕ್ಕೆ ಉರುಳಿ 30 ಮಂದಿ ತೀರಿಕೊಂಡರು. 2023ರ ಜುಲೈನಲ್ಲಿ ಗಾಮನಹಳ್ಳಿ ಬಳಿ ಕಾರು ಬಿದ್ದು ನಾಲ್ವರು ಮಹಿಳೆಯರು, ಅದೇ ನವೆಂಬರಿನಲ್ಲಿ ಬನಘಟ್ಟದ ಬಳಿ ಇನ್ನೊಂದು ಕಾರು ಬಿದ್ದು ಐವರು ಹೋದರು. ಪ್ರತಿ ಸಲವೂ ತಡೆಗೋಡೆಯ ಮಾತು ಎದ್ದಿತು, ಏಳಲೇಬೇಕು. ನಾಲೆ ಏರಿಯ ಮೇಲೆ ತಡೆಗೋಡೆ ಇಲ್ಲದೆ ರಸ್ತೆ ಬಿಡುವುದು ಕ್ಷಮಿಸುವಂಥದ್ದಲ್ಲ. ಆದರೆ ಊರೂರಿನ ಕೆರೆ ಏರಿಗೆ, ನಾಲೆ ಏರಿಗೆ ಗೋಡೆ ಬರುವತನಕ ಅದೇ ದಾರಿಯಲ್ಲಿ ನಾವು ಓಡಾಡಲೇಬೇಕಲ್ಲ.

ಕಾರು ನೀರಿಗೆ ಬಿದ್ದರೆ ಏನಾಗುತ್ತದೆಂದು ಊಹೆ ಮಾಡದೆ, ನಿಜವಾದ ಕಾರುಗಳನ್ನು ನೀರಿಗಿಳಿಸಿ, ತಾನೂ ಒಳಗೆ ಕೂತು ನೋಡಿದ ಒಬ್ಬ ವಿಜ್ಞಾನಿ ಇದ್ದಾರೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್. ಚಳಿಯಲ್ಲಿ ಮನುಷ್ಯನ ದೇಹ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅವರ ಮೂಲ ವಿಷಯ. ಹೆಪ್ಪುಗಟ್ಟಿದ ಕೆರೆಗಳ ಮೇಲೆ ಗಾಡಿ ಓಡಿಸುವ ಆ ನಾಡಿನಲ್ಲಿ ಮಂಜುಗಡ್ಡೆ ಒಡೆದು ಕಾರು ಒಳಗಿಳಿಯುವುದು ಹೊಸದೇನಲ್ಲ, ಹಾಗಾಗಿ ಅವರ ಅಧ್ಯಯನ ಕಾರಿನತ್ತ ತಿರುಗಿತು. ಅವರು ಕಂಡುಕೊಂಡದ್ದರ ತಿರುಳು ಇಷ್ಟು: ಕಾರು ತೇಲುತ್ತಿರುವಾಗ, ಅಂದರೆ ನೀರು ಕಿಟಕಿಯ ಕೆಳಅಂಚು ಮುಟ್ಟುವ ಮೊದಲು, ಕಿಟಕಿಯಿಂದ ಹೊರಬನ್ನಿ. ಮೊದಲು ಸೀಟ್‌ಬೆಲ್ಟ್, ಆಮೇಲೆ ಕಿಟಕಿ, ಆಮೇಲೆ ಹೊರಗೆ, ಮಕ್ಕಳು ಮುಂದಾಗಿ. ಹಲವರು ಒಂದೇ ಕಿಟಕಿಯಿಂದ ಒಬ್ಬರ ಹಿಂದೊಬ್ಬರು ಒಂದು ನಿಮಿಷದೊಳಗೆ ಹೊರಬರಬಹುದು ಎಂದು ಅವರ ಪ್ರಯೋಗಗಳು ತೋರಿಸಿದವು. ಅಷ್ಟು ಸಮಯ ಇದ್ದೂ ಜನ ಸಾಯುವುದೇಕೆ? ಮೊದಲ ಅರ್ಧ ನಿಮಿಷ ಕಕ್ಕಾಬಿಕ್ಕಿಯಲ್ಲಿ ಕಳೆದುಹೋಗುತ್ತದೆ, ಉಳಿದದ್ದು ಬಾಗಿಲು ತಳ್ಳುವುದರಲ್ಲಿ ಮತ್ತು ಫೋನು ಮಾಡುವುದರಲ್ಲಿ.

ಬಾಗಿಲು ತಳ್ಳುವುದು ಸಹಜ. ನಿತ್ಯವೂ ನಾವು ಇಳಿಯುವುದು ಬಾಗಿಲಿನಿಂದಲೇ. ಆದರೆ ಒಂದು ಹೈಸ್ಕೂಲಿನ ಲೆಕ್ಕ ಹಾಕಿ ನೋಡಿ. ಬಾಗಿಲು ಒಂದು ಮೀಟರ್ ಅಗಲ, ಹೊರಗೆ ನೀರು ಬಾಗಿಲ ತಳದಿಂದ 60 ಸೆಂಟಿಮೀಟರ್ ಏರಿದೆ, ಒಳಗಿನ್ನೂ ಒಣಗಿದೆ. ಆಗ ಬಾಗಿಲನ್ನು ಒತ್ತಿ ಹಿಡಿದಿರುವ ಭಾರ ಸುಮಾರು 180 ಕಿಲೋ. ನೀರು ಒಂದು ಮೀಟರ್ ಏರಿದರೆ 500 ಕಿಲೋ. ಮೊದಲ ಕೆಲವು ಸೆಕೆಂಡುಗಳಲ್ಲಿ ಹೇಗೋ ತಳ್ಳಿ ತೆರೆದರೂ ಒಳಿತಾಗುವುದಿಲ್ಲ. ತೆರೆದ ಬಾಗಿಲಿಂದ ನೀರು ಒಮ್ಮೆಲೇ ನುಗ್ಗಿ, ನಿಮಿಷ ತೇಲಬೇಕಿದ್ದ ಕಾರು ಹತ್ತು ಸೆಕೆಂಡಿನೊಳಗೆ ಇಳಿದುಹೋಗುತ್ತದೆ. ನೀವು ಪಾರಾಗಬಹುದು, ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ, ಮಗುವಿಗೆ ಆ ಅವಕಾಶ ಇರುವುದಿಲ್ಲ.

ಇನ್ನು ಫೋನು. ನೆರವಿನ ಸಂಖ್ಯೆಗೆ ಕರೆ ಮಾಡಿದರೆ ಮೊದಲು ಕೇಳುವುದು ಎಲ್ಲಿದ್ದೀರಿ ಎಂದು. ನಾಲೆಯ ಯಾವ ಮೈಲಿಯಲ್ಲಿದ್ದೇನೆಂದು ವಿವರಿಸುವಷ್ಟರಲ್ಲಿ ನೀರು ಕಿಟಕಿ ದಾಟಿರುತ್ತದೆ. ಉತ್ತರ ಅಮೆರಿಕದ ತುರ್ತು ಕರೆ ಕೇಂದ್ರಗಳು ಇದನ್ನರಿತು ಮುಳುಗುವ ಕಾರಿನಿಂದ ಬರುವ ಕರೆಗೆ ಬೇರೆಯದೇ ಕ್ರಮ ಮಾಡಿಕೊಂಡಿವೆ. ಮೊದಲು ಹೊರಬನ್ನಿ, ಮಾತು ಆಮೇಲೆ. ನಮ್ಮ 112ಕ್ಕೂ ದಡ ಸೇರಿದ ಮೇಲೆಯೇ ಫೋನು ಮಾಡಿ.

ಇದನ್ನೆಲ್ಲ ಓದಿ ತಲೆಯಾಡಿಸಿದರೆ ಸಾಲದು. ನಾಳೆ ಬೆಳಿಗ್ಗೆ ನಿಂತ ಕಾರಿನಲ್ಲಿ ಕೂತು ಒಮ್ಮೆ ಮಾಡಿ ನೋಡಿ. ಸ್ಟೀರಿಂಗ್ ಬಲಕ್ಕಿರುವ ನಮ್ಮ ಗಾಡಿಗಳಲ್ಲಿ ಚಾಲಕನಿಗೊಂದು ಅನುಕೂಲವಿದೆ. ಕಿಟಕಿಯ ಸ್ವಿಚ್ಚು ಬಲಗೈಗೆ, ಬೆಲ್ಟಿನ ಕೊಂಡಿ ಎಡಸೊಂಟಕ್ಕೆ. ಎರಡು ಕೈಗೂ ಏಕಕಾಲಕ್ಕೆ ಕೆಲಸ ಕೊಡಬಹುದು. ಬಹಳಷ್ಟು ಕಾರುಗಳಲ್ಲಿ ಚಾಲಕನ ಗಾಜಿನ ಸ್ವಿಚ್ಚನ್ನು ಆಳಕ್ಕೆ ಒಮ್ಮೆ ಒತ್ತಿ ಬಿಟ್ಟರೆ ಗಾಜು ತಾನಾಗಿ ತಳದವರೆಗೂ ಇಳಿಯುತ್ತದೆ, ಅಷ್ಟರಲ್ಲಿ ಎಡಗೈ ಬೆಲ್ಟು ಬಿಚ್ಚಿರುತ್ತದೆ. ಕಣ್ಣು ಮುಚ್ಚಿಕೊಂಡು ಮಾಡಿ. ಕತ್ತಲಲ್ಲಿ, ಕಾರು ಮೂಗು ತಗ್ಗಿಸಿ ವಾಲಿರುವಾಗ, ಬೆರಳೇ ದಾರಿ ಹುಡುಕಬೇಕು. ಅದೇ ಸ್ವಿಚ್ಚುಗಳ ಸಾಲಿನಲ್ಲಿ ಬೇರೆಯಾಗಿ ಒಂದು ಗುಂಡಿ ಇರುತ್ತದೆ, ಅದರ ಮೇಲೆ ಗೀಟು ಹೊಡೆದ ಕಿಟಕಿಯ ಚಿತ್ರ. ಮಕ್ಕಳು ಆಟವಾಡದಿರಲೆಂದು ಅದನ್ನು ಒತ್ತಿಟ್ಟರೆ ಹಿಂದೆ ಕೂತವರ ಸ್ವಿಚ್ಚುಗಳೆಲ್ಲ ಸತ್ತಂತೆ. ಒತ್ತಿಟ್ಟು ತಿಂಗಳುಗಟ್ಟಲೆ ಮರೆತವರು ಎಷ್ಟೋ ಮಂದಿ. ನೀರಿನ ಪಕ್ಕದ ರಸ್ತೆಯಲ್ಲಿ ಆ ಗುಂಡಿಯನ್ನು ಬಿಡಿಸಿಡಿ. ಮುಂದಿನ ಕಿಟಕಿಯನ್ನೂ ಬೆರಳಗಲ ಬಿಡದೆ ಪೂರ್ತಿ ಇಳಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ನೀರಿಗೆ ಬಿದ್ದರೆ ವಿದ್ಯುತ್ ಕಿಟಕಿ ಕೆಲಸ ಮಾಡುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಆರಂಭದಲ್ಲಿ ಸಾಮಾನ್ಯವಾಗಿ ಮಾಡುತ್ತದೆ. ಕೆಟ್ಟುಹೋಗುವ ಮೊದಲೇ ಬರುವ ಅಡ್ಡಿ ಬೇರೆ: ಹೊರಗಿನ ನೀರು ಗಾಜನ್ನು ಚೌಕಟ್ಟಿಗೆ ಒತ್ತಿಬಿಡುತ್ತದೆ, ಮೋಟಾರು ಎಳೆದರೂ ಗಾಜು ಇಳಿಯುವುದಿಲ್ಲ. ಅದಕ್ಕೇ ಈ ಅವಸರ.

ನಾಲೆ ರಸ್ತೆಗೆ ಬಂದ ಕೂಡಲೇ ಬೆಲ್ಟು ಬಿಚ್ಚಿಕೊಳ್ಳುವ ರೂಢಿ ಕೆಲವರಲ್ಲಿದೆ, ಬಿದ್ದರೆ ಸಿಕ್ಕಿಹಾಕಿಕೊಳ್ಳುತ್ತೇವೆ ಎಂಬ ಭಯಕ್ಕೆ. ಇದು ಅಪಾಯದ ನಂಬಿಕೆ. ಹತ್ತಡಿ ಏರಿಯಿಂದ ಉರುಳುವ ಕಾರಿನಲ್ಲಿ ಬೆಲ್ಟಿಲ್ಲದವನ ತಲೆ ಗಾಜಿಗೋ ಛಾವಣಿಗೋ ಬಡಿಯುತ್ತದೆ. ಪ್ರಜ್ಞೆ ತಪ್ಪಿದವನಿಗೆ ಕಿಟಕಿ ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಪ್ರಜ್ಞೆ ತಪ್ಪದಂತೆ ನಿಮ್ಮನ್ನು ನೀರಿಗೆ ತಲುಪಿಸುವುದು ಬೆಲ್ಟು. ಅದನ್ನು ಬಿಚ್ಚುವುದು ಒಂದು ಸೆಕೆಂಡಿನ ಕೆಲಸ. ಹಿಂದೆ ಹಲವು ಮಕ್ಕಳಿದ್ದರೆ ದೊಡ್ಡವರ ಬೆಲ್ಟು ಮೊದಲು ಬಿಚ್ಚಿ, ಅವರು ಚಿಕ್ಕವರಿಗೆ ಕೈಕೊಡುತ್ತಾರೆ.

ಗಾಜು ಇಳಿಯದಿದ್ದರೆ ಒಡೆಯಬೇಕು. ಯಾವ ಗಾಜನ್ನು? ಮುಂದಿನದಂತೂ ಅಲ್ಲ. ಅದು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು. ಬಿರುಕು ಬಿಡುತ್ತದೆ, ದಾರಿ ಬಿಡುವುದಿಲ್ಲ. ಪಕ್ಕದ ಕಿಟಕಿಗಳು, ಹಿಂದಿನ ಗಾಜು ಸಾಮಾನ್ಯವಾಗಿ ಟೆಂಪರ್ಡ್. ಚೆನ್ನಾಗಿ ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸಿದ ಆ ಗಾಜಿನ ಮೈಯೆಲ್ಲ ಬಿಗಿತದಲ್ಲಿರುತ್ತದೆ. ಅಂಗೈಯಿಂದ ಗುದ್ದಿದರೆ ಜಗ್ಗುವುದಿಲ್ಲ, ಚೂಪಾದ ಗಟ್ಟಿ ಮೊನೆಯೊಂದು ಮೇಲ್ಮೈಯ ಬಿಗಿತ ದಾಟಿ ಒಳಹೊಕ್ಕರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ನಡುವೆ ಹೊಡೆಯಬೇಡಿ, ಅಂಚಿನ ಹತ್ತಿರದ ಮೂಲೆಗೆ ಹೊಡೆಯಿರಿ.

ಹೆಡ್‌ರೆಸ್ಟ್ ಕಿತ್ತು ಅದರ ಸರಳಿನಿಂದ ಗಾಜು ಒಡೆಯಬಹುದು, ಕಂಪನಿಯವರು ಅದನ್ನು ಕಳಚುವಂತೆ ಮಾಡಿರುವುದೇ ಅದಕ್ಕೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುತ್ತಲೇ ಇರುತ್ತದೆ. ಹೆಡ್‌ರೆಸ್ಟ್ ಇರುವುದು ಕತ್ತು ಕಾಯಲು. ಅದರ ಸರಳಿನ ತುದಿ ಮೊಂಡು. ಸೀಟಿನಿಂದ ಕೀಳುವುದಕ್ಕೇ ಹೊತ್ತು ಬೇಕು, ಅದನ್ನು ಬೀಸಲು ಒಳಗೆ ಜಾಗವೂ ಇಲ್ಲ. ನೀರೊಳಗೆ ಸುತ್ತಿಗೆ ಬೀಸುವುದೂ ಕಷ್ಟವೇ, ನೀರು ತೋಳನ್ನು ಹಿಡಿದುಕೊಳ್ಳುತ್ತದೆ. ಸ್ಪ್ರಿಂಗ್ ಇರುವ ಪುಟ್ಟ ಸಾಧನಗಳು ಸಿಗುತ್ತವೆ, ಗಾಜಿಗೆ ಒತ್ತಿ ಹಿಡಿದರೆ ಒಳಗಿನ ಮೊನೆ ತಾನಾಗಿ ಸಿಡಿಯುತ್ತದೆ. ಅಮೆರಿಕದ ವಾಹನ ಬಳಕೆದಾರರ ಸಂಘ ಎಎಎ 2019ರಲ್ಲಿ ಇಂಥ ಆರು ಸಾಧನಗಳನ್ನು ಪರೀಕ್ಷಿಸಿತು. ನಾಲ್ಕು ಟೆಂಪರ್ಡ್ ಗಾಜನ್ನು ಒಡೆದವು, ಸ್ಪ್ರಿಂಗ್ ಬಗೆಯವು ಸುತ್ತಿಗೆಗಿಂತ ಮೇಲು ಎನಿಸಿದವು. ಲ್ಯಾಮಿನೇಟೆಡ್ ಗಾಜನ್ನು ಆರರಲ್ಲಿ ಒಂದೂ ಒಡೆಯಲಿಲ್ಲ.

ಈ ಕೊನೆಯ ಮಾತನ್ನು ದುಬಾರಿ ಕಾರಿನವರು ಗಮನಿಸಬೇಕು. ಗದ್ದಲ ತಗ್ಗಲೆಂದು, ಅಪಘಾತದಲ್ಲಿ ಒಳಗಿದ್ದವರು ಹೊರಗೆ ಎಸೆಯಲ್ಪಡದಿರಲೆಂದು ಪಕ್ಕದ ಕಿಟಕಿಗೂ ಈಗ ಲ್ಯಾಮಿನೇಟೆಡ್ ಗಾಜು ಬರುತ್ತಿದೆ. ರಸ್ತೆಯ ಮೇಲೆ ಅದು ಒಳ್ಳೆಯದೇ, ನೀರಿನಲ್ಲಿ ಗೋಡೆ. ನಿಮ್ಮ ಕಾರಿನದು ಯಾವುದೆಂದು ತಿಳಿಯಲು ಪ್ರತಿ ಗಾಜಿನ ಕೆಳಮೂಲೆಯ ಸಣ್ಣ ಅಚ್ಚು ಓದಿ. ಐಎಸ್‌ಐ ಗುರುತಿನ ಆಸುಪಾಸು ಟೆಂಪರ್ಡ್, ಟಫನ್ಡ್ ಅಥವಾ ಲ್ಯಾಮಿನೇಟೆಡ್ ಎಂದು ಇರುತ್ತದೆ. ಮುಂದಿನೆರಡು ಲ್ಯಾಮಿನೇಟೆಡ್, ಹಿಂದಿನೆರಡು ಟೆಂಪರ್ಡ್ ಇರುವ ಕಾರುಗಳೂ ಇವೆ. ಹಾಗಿದ್ದರೆ ನಿಮ್ಮ ದಾರಿ ಹಿಂದಕ್ಕೆ. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಒಡೆದ ಚೂರುಗಳು ಅದಕ್ಕೇ ಕಚ್ಚಿಕೊಂಡು ನಿಲ್ಲುತ್ತವೆ, ಕಾಲಿನಿಂದ ಒದ್ದು ಹೊರದೂಡಬೇಕು. ಸಾಧನವನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕಾಗದಪತ್ರದಡಿ ಹೂತಿಡಬೇಡಿ. ಬೆಲ್ಟು ಹಾಕಿಕೊಂಡೇ ಕೈಗೆ ಸಿಗುವಲ್ಲಿ ಕಟ್ಟಿಡಿ. ಡಿಕ್ಕಿಯಲ್ಲಿದ್ದರೆ ಅದು ಇಲ್ಲದ ಲೆಕ್ಕ.

ಕಾರು ಪೂರ್ತಿ ತುಂಬುವತನಕ ಕಾಯಿರಿ, ಒಳಹೊರಗಿನ ಒತ್ತಡ ಸಮನಾದಾಗ ಬಾಗಿಲು ಸಲೀಸಾಗಿ ತೆರೆಯುತ್ತದೆ ಎನ್ನುವ ಸಲಹೆಯೂ ಚಾಲ್ತಿಯಲ್ಲಿದೆ. ಭೌತಶಾಸ್ತ್ರದ ಮಟ್ಟಿಗೆ ಅದು ನಿಜ. ಆದರೆ ತಣ್ಣೀರು ಎದೆಗೇರಿ, ಕತ್ತಿಗೇರಿ, ಕೊನೆಯ ಉಸಿರೆಳೆದುಕೊಂಡು ಕತ್ತಲಲ್ಲಿ ಬಾಗಿಲ ಹಿಡಿ ಹುಡುಕುವಷ್ಟು ಸಮಾಧಾನ ಯಾರಿಗಿರುತ್ತದೆ? ಎಂಜಿನ್ ಮುಂದಿರುವುದರಿಂದ ಮೂಗು ಮೊದಲು ಇಳಿಯುತ್ತದೆ, ಆಳ ಹೆಚ್ಚಿದ್ದರೆ ಕಾರು ಮಗುಚಿ ತಲೆಕೆಳಗಾಗಿ ತಳ ಸೇರುವುದೂ ಉಂಟು. ಬೇರೆಲ್ಲ ಕೈಕೊಟ್ಟವರಿಗೆ ಹೀಗೆ ಕಾಯುವುದು ಕೊನೆಯ ಆಸರೆ. ಅದನ್ನೇ ಯೋಜನೆ ಮಾಡಿಕೊಂಡು ಕೂರಬಾರದು.

ಊರೊಳಗಿನವರು ಇದು ನಾಲೆ ಸೀಮೆಯವರ ಕಷ್ಟ ಎಂದುಕೊಳ್ಳಬೇಡಿ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿ 22 ವರ್ಷದ ಯುವತಿ ಜೀವ ಕಳೆದುಕೊಂಡಳು. ಅಂಡರ್‌ಪಾಸಿನ ಮೋಸವೆಂದರೆ ನೀರಿನ ಮೇಲ್ಮೈ ಮಟ್ಟಸ, ಅದರ ಕೆಳಗಿನ ರಸ್ತೆ ಇಳಿಜಾರು. ಮುಂದೆ ಹೋದಂತೆ ಆಳ ಏರುತ್ತಲೇ ಹೋಗುತ್ತದೆ, ನೀರು ಕುಡಿದ ಎಂಜಿನ್ ನಡುಮಧ್ಯೆ ನಿಲ್ಲುತ್ತದೆ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ಎಳೆದೊಯ್ಯಬಲ್ಲದು, ಎರಡಡಿಗೆ ದೊಡ್ಡ ಗಾಡಿಗಳೂ ನಿಲ್ಲವು. ಎದುರಿನ ಗಾಡಿ ದಾಟಿತೆಂದು ಹಿಂದೆ ಹೋಗಬೇಡಿ. ಸಿಕ್ಕಿಕೊಂಡಿರೋ, ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಾ ಕೂರದೆ ಗಾಜು ಇಳಿಸಿ ಆಚೆ ಬನ್ನಿ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ನೀರಿಗೆ ಬಿದ್ದರೆ ಶಾಕ್ ಹೊಡೆಯುತ್ತದೆಂದು ಹೆದರಿ ತಡ ಮಾಡಬೇಡಿ. ದೊಡ್ಡ ಬ್ಯಾಟರಿಯ ವಿದ್ಯುತ್ತು ಕಾರಿನ ಮೈಗೆ ತಾಗದಂತೆ ಬೇರ್ಪಡಿಸಿಯೇ ಕಟ್ಟಿರುತ್ತಾರೆ. ನೋಡಿಕೊಳ್ಳಬೇಕಾದ್ದು ಬಾಗಿಲ ಹಿಡಿಯನ್ನು. ಕೆಲವು ಮಾದರಿಗಳಲ್ಲಿ ಅದೂ ವಿದ್ಯುತ್ತಿನದೇ, ಕೈಯಿಂದ ಎಳೆಯುವ ತುರ್ತು ಹಿಡಿ ಎಲ್ಲೋ ಮರೆಯಲ್ಲಿರುತ್ತದೆ. ಕೈಪಿಡಿ ತೆರೆದು ಹುಡುಕಿಟ್ಟುಕೊಳ್ಳಿ.

ಕೊನೆಗೆ ದಡದವರ ಕೆಲಸ. ಕಾರು ಬಿದ್ದಾಗ ಮೊದಲು ಓಡಿಬರುವವರು ಗದ್ದೆಯಲ್ಲಿದ್ದವರು, ಬೈಕಿನಲ್ಲಿ ಬರುತ್ತಿದ್ದವರು. ಈಜು ಬಾರದವರು ದಯವಿಟ್ಟು ನೀರಿಗೆ ಹಾರಬೇಡಿ. ತೇಲುತ್ತಿರುವ ಕಾರಿನ ಒಳಗಿದ್ದವರು ಕಂಗೆಟ್ಟು ಕೂತಿರುತ್ತಾರೆ, ಅವರಿಗೆ ಕೇಳುವಂತೆ ಎಲ್ಲರೂ ಒಂದೇ ಮಾತು ಕೂಗಿ: “ಗಾಜು ಇಳಿಸ್ರೀ! ಕಿಟ್ಕೀಲಿ ಬನ್ರೀ!” ಹಗ್ಗ ಸಿಕ್ಕರೆ ಹಗ್ಗ, ಇಲ್ಲದಿದ್ದರೆ ಗಂಟು ಹಾಕಿದ ಸೀರೆಯೋ ಪಂಚೆಯೋ ಎಸೆಯಿರಿ. ನಾಲೆಯ ಸಿಮೆಂಟ್ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಈಜು ಬಲ್ಲವರಿಗೂ ಅಲ್ಲಿ ಕೈಯೂರಲು ಹಿಡಿತ ಸಿಗುವುದಿಲ್ಲ. ಹೊರಬಂದವರು ಸೆಳೆತಕ್ಕೆ ಎದುರು ಈಜದೆ, ಅದರ ಜೊತೆ ಸಾಗುತ್ತಲೇ ಓರೆಯಾಗಿ ದಡದ ಕಡೆ ಬರಬೇಕು. ಹಾಗಾಗಿ ನಿಮ್ಮಲ್ಲಿ ಇಬ್ಬರು ಹಗ್ಗ ಹಿಡಿದು ಕಾರಿಗಿಂತ ಹತ್ತಿಪ್ಪತ್ತು ಮಾರು ಕೆಳಗೆ, ಬಟ್ಟೆ ಒಗೆಯುವ ಮೆಟ್ಟಿಲಿದ್ದರೆ ಅಲ್ಲೇ, ಮೊದಲೇ ಹೋಗಿ ನಿಂತಿರಿ. ನೀರು ಅವರನ್ನು ತರುವುದು ಅತ್ತಲೇ.